ಅಡ್ಡ ಹಾಯ್ದ ಅಲೆಗೀರ

ರೆಕ್ಕೆಯ ಅಡಿ ಬಿಳಿಯಿತ್ತೋ, ಇಲ್ಲಾ ನೀರಿನ ಹೊಳಪು ತಾಗಿ ಬಿಳಿಯಾಗಿ ಕಂಡಿತೋ? ಬಿಳಿಯೇ ಇರಬೇಕು. ಆದರೆ ಬಿಳಿಯಾಗಿದ್ದರೆ ಕೊಕ್ಕು ಅಷ್ಟು ಗಿಡ್ಡ ಹೇಗಾಯಿತು? ಅದು ತಲೆಯನ್ನು ಆಚೆ ತಿರುಗಿಸಿದ್ದರಿಂದ ಗಿಡ್ಡವಾಗಿ ಕಂಡಿರಬಹುದು. ತಿರುಗಿಸಿರದಿದ್ದರೆ ಇದು ನಾನು ಅಂದುಕೊಂಡ ಹಕ್ಕಿಯೇ ಅಲ್ಲ. ಕ್ಯಾಮೆರಾದ ಪುಟ್ಟ ಪರದೆಗೆ ಅಂಗೈ ಅಡ್ಡ ಹಿಡಿದು, ಬಿಸಿಲು ತಡೆದು, ಎಂಟು ಚಿತ್ರಗಳನ್ನು ಹಿಂದಕ್ಕೂ ಮುಂದಕ್ಕೂ ಸರಿಸುತ್ತ ನಾನು ಹೀಗೆ ತಡಕಾಡುತ್ತಿದ್ದರೆ ನಲವತ್ತು ಜನ ಹಿಂದೆ ನಿಂತು ನನ್ನ ಬೆನ್ನನ್ನೇ ನೋಡುತ್ತಿದ್ದರು. ಎಂಜಿನ್ ಗುರುಗುಡುತ್ತಿತ್ತು. ಪಂಕ ತಿರುಗಿ ಹಿಂದಿನ ನೀರೆಲ್ಲ ನೊರೆಯಾಗುತ್ತಿತ್ತು. ಹಡಗು ಮಾತ್ರ ಒಂದಂಗುಲ ಮುಂದೆ ಹೋಗುತ್ತಿರಲಿಲ್ಲ.

“ಎಂತ ಮಾಷ್ಟ್ರೆ, ಹೆಸರು ಹುಡುಕ್ತಾ ಇದ್ದೀರಾ, ತೊಟ್ಟಿಲಿಗೆ ಹಾಕಿ ನಾಮಕರಣವೇ ಮಾಡ್ತೀರಾ?” ಎಂದು ಕೇಳುತ್ತಿದ್ದವಳು ಅಪ್ಪಿಯಕ್ಕ. ದಿನಾ ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತು ಆಚೆ ದಡದ ಸಂತೆಗೆ ಹೋಗುವವಳು. “ಇನ್ನು ಸ್ವಲ್ಪ ಹೊತ್ತು ಹೀಗೇ ನಿಂತ್ರೆ ನನ್ನ ಬಂಗುಡೆಯ ಹೆಸರೇ ಬದಲಾಗ್ತದೆ. ಒಣಮೀನು ಅಂತ ಕೂಗಿ ಮಾರ್ಬೇಕಾಗ್ತದೆ.”

ನಮ್ಮ ಊರಿನ ಕಡಲಿನಲ್ಲಿ ಹಡಗಿನ ಮೂತಿಯ ಮುಂದೆ ಹಕ್ಕಿಯೊಂದು ಅಡ್ಡ ಹಾಯ್ದರೆ, ಅದರ ಸರಿಯಾದ ಹೆಸರನ್ನು ಯಾರಾದರೂ ಗಟ್ಟಿಯಾಗಿ ಕೂಗುವ ತನಕ ಹಡಗು ನಿಂತಲ್ಲೇ ನಿಲ್ಲುತ್ತದೆ. ಒಂದು ಹಕ್ಕಿಗೆ ಒಂದು ಕೂಗು, ಹತ್ತು ಹಕ್ಕಿಗೆ ಹತ್ತು ಕೂಗು. ಆಚೆ ದಡಕ್ಕೆ ಇರುವುದು ಮುಕ್ಕಾಲು ಗಂಟೆಯ ದಾರಿ, ಆದರೆ ಮುಕ್ಕಾಲು ಗಂಟೆಯಲ್ಲಿ ತಲುಪಿದವರನ್ನು ನಾನು ಕಂಡಿಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿ ‘ಬಂದರು’, ‘ಬಂದಿಲ್ಲ’ ಎಂಬುದರ ಜೊತೆಗೆ ‘ಹಕ್ಕಿ’ ಎಂಬ ಮೂರನೆಯ ಗುರುತೂ ಇತ್ತು. ಮದುವೆಯ ಕರೆಯೋಲೆಗಳಲ್ಲಿ ಮುಹೂರ್ತದ ಕೆಳಗೆ ‘ಹಡಗು ಬಂದ ಮೇಲೆ’ ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗುತ್ತಿತ್ತು. ಕಡಲು ದಾಟುವವರು ಒಂದು ಊಟ ಹೆಚ್ಚಿಗೆ ಕಟ್ಟಿಕೊಳ್ಳುತ್ತಿದ್ದರು. ಹಡಗಿನೊಳಗೆ ಮಾತ್ರ ‘ಪ್ರಯಾಣಿಕರು ಹಕ್ಕಿಯ ಹೆಸರು ಕೂಗಬಾರದು’ ಎಂಬ ಹಲಗೆ ನೇತು ಹಾಕಿತ್ತು. ಒಮ್ಮೆ ಎಲ್ಲರೂ ಸೇರಿ ಕಾಗೆ, ಕೊಕ್ಕರೆ, ಗಿಳಿ, ಗೂಬೆ ಎಂದು ಬಾಯಿಗೆ ಬಂದದ್ದನ್ನೆಲ್ಲ ಅರಚಿ, ಸರಿಯಾದ ಹೆಸರನ್ನು ಕೂಗಿದವರು ಯಾರೆಂದೇ ತಿಳಿಯದೆ ದೊಡ್ಡ ಜಗಳವಾಗಿತ್ತಂತೆ. ಅಂದಿನಿಂದ ಪ್ರತಿ ಹಡಗಿಗೂ ಒಬ್ಬ ಕರೆಗಾರ. ನಮ್ಮ ಹಡಗಿನ ಕರೆಗಾರ ದೂಮಣ್ಣ.

ದೂಮಣ್ಣನಿಗೆ ಅರವತ್ತೆಂಟು ವರ್ಷ. ಮೂತಿಯ ಬಳಿ ಒಂದು ಮರದ ಪೆಟ್ಟಿಗೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಎಲೆ ಅಡಿಕೆ ಜಗಿಯುತ್ತ, ಅರ್ಧ ಕಣ್ಣು ಮುಚ್ಚಿಕೊಂಡೇ ಕಡಲು ನೋಡುತ್ತಿದ್ದರು. ಹಕ್ಕಿ ಹಾಯುತ್ತಿತ್ತು, ಹಡಗು ನಿಲ್ಲುತ್ತಿತ್ತು. ಅವರು ಎದ್ದು, ಹಡಗಿನ ಅಂಚಿನ ಕಟಾಂಜನದ ಬಳಿ ಹೋಗಿ, ನಿಧಾನಕ್ಕೆ ಉಗುಳಿ, ಬಾಯಿ ಒರೆಸಿಕೊಂಡು, ಆಮೇಲೆ ಕೂಗುತ್ತಿದ್ದರು. ಬಾಯಿಯಲ್ಲಿ ರಸ ಇಟ್ಟುಕೊಂಡು ಹೆಸರು ಕರೆಯಬಾರದಂತೆ. ಆ ಉಗುಳುವಿಕೆಗೆ ಕಾಯುವುದು ನನಗೆ ಮೈ ಉರಿಯುವಷ್ಟು ಕಷ್ಟವಾಗುತ್ತಿತ್ತು. ಆದರೆ ಕೂಗಿದ ಮೇಲೆ ತಪ್ಪಾದದ್ದು ಅಪರೂಪ. ಇಪ್ಪತ್ತು ರೀವ ಹಕ್ಕಿಗಳ ಗುಂಪು ಒಟ್ಟಿಗೆ ಹಾಯ್ದರೂ “ರೀವಾ, ರೀವಾ, ರೀವಾ” ಎಂದು ಭತ್ತ ಅಳೆಯುವವರ ರಾಗದಲ್ಲಿ ಇಪ್ಪತ್ತು ಸಲ ಕೂಗಿ ಬಂದು ಕೂರುತ್ತಿದ್ದರು.

ನಾನು ಇದೇ ಊರಿನವನಾದರೂ ಆರು ವರ್ಷ ಹೊರಗಿದ್ದು ಪ್ರಾಣಿಶಾಸ್ತ್ರ ಓದಿ ಬಂದವನು, ಅಷ್ಟಕ್ಕೇ ಊರಿನವರ ಬಾಯಲ್ಲಿ ‘ಮಾಷ್ಟ್ರು’. ಕೂಗಿದ ಪ್ರತಿ ಹೆಸರಿಗೂ ಚಿತ್ರದ ಸಾಕ್ಷಿ ಬೇಕೆಂದು ಬಂದರು ಕಚೇರಿಗೆ ಯಾಕೆ ಅನ್ನಿಸಿತೋ ಗೊತ್ತಿಲ್ಲ. ಕಡಲೇ ಒಪ್ಪಿಕೊಂಡ ಹೆಸರಿಗೆ ಕಚೇರಿಯ ಒಪ್ಪಿಗೆ ಯಾಕೆ ಎಂದು ಕೇಳುವವರೂ ಇರಲಿಲ್ಲ. ಉದ್ದನೆಯ ಲೆನ್ಸು, ಹಕ್ಕಿಗಳ ಪುಸ್ತಕ, ಚಿತ್ರ ಅಂಟಿಸುವ ವಹಿ ಕೊಟ್ಟು ನನ್ನನ್ನು ದೂಮಣ್ಣನ ಪಕ್ಕದಲ್ಲಿ ನಿಲ್ಲಿಸಿದರು. ತೂಗುವ ಹಡಗಿನಿಂದ ಹಾರುವ ಹಕ್ಕಿಯ ಚಿತ್ರ ತೆಗೆಯುವುದೆಂದರೆ ಏನೆಂದು ಆ ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಕ್ಕಿ ಮೇಲೇರುವಾಗ ಹಡಗು ಕೆಳಗಿಳಿಯುತ್ತದೆ. ಗಮನವಿಟ್ಟು ಒತ್ತಿದ ಚಿತ್ರದಲ್ಲಿ ಬರೀ ನೀರು ಇರುತ್ತದೆ, ಕೈತಪ್ಪಿ ಒತ್ತಿದ್ದರಲ್ಲಿ ಹಕ್ಕಿಯ ಬಾಲ. ಲೆನ್ಸಿನ ಮೇಲೆ ಉಪ್ಪು ಕೂತು ಎಲ್ಲ ಹಕ್ಕಿಗಳೂ ಮಂಜಿನೊಳಗಿಂದ ಬಂದಂತೆ ಕಾಣುತ್ತವೆ. ಹಾಗಾಗಿ ನಾನು ಒಂದು ಹಕ್ಕಿಗೆ ಎಂಟು ಚಿತ್ರ ಬಡಬಡನೆ ಹೊಡೆದು ಆಮೇಲೆ ಹುಡುಕುತ್ತಿದ್ದೆ. ಕಚೇರಿಯ ನಿಯಮದಂತೆ ವಾರದಲ್ಲಿ ಎರಡು ದಿನ ದೂಮಣ್ಣನಿಗಿಂತ ಮೊದಲು ನಾನು ಹೆಸರು ಹೇಳಬೇಕು. ಆ ಎರಡು ದಿನ ಊರಿನವರು ಸಾಧ್ಯವಾದರೆ ಪ್ರಯಾಣವನ್ನೇ ಮುಂದೂಡುತ್ತಿದ್ದರು.

“ಬಣ್ಣ ನೋಡ್ಬೇಡ ಮಾರಾಯ, ಬಣ್ಣ ಸುಳ್ಳು ಹೇಳ್ತದೆ,” ಎನ್ನುತ್ತಿದ್ದರು ದೂಮಣ್ಣ. “ಅದು ಗಾಳಿಯನ್ನು ಹೇಗೆ ಹಿಡ್ಕೊಳ್ತದೆ ನೋಡು. ರೀವ ಗಾಳಿಯ ಮೇಲೆ ಕುಣಿತದೆ. ತುತ್ತುಗಳ್ಳ ಬೇರೆ ಹಕ್ಕಿಯ ಬಾಯಿಂದ ಮೀನು ಕಸಿಯುವವ, ಪೊಲೀಸರ ಹಾಗೆ ನೇರ ಬರ್ತಾನೆ. ಅಲೆಗೀರ ರೆಕ್ಕೆ ಬಡಿಯುದೇ ಇಲ್ಲ, ರೆಕ್ಕೆಯ ತುದಿಯಲ್ಲಿ ಅಲೆಯ ಮೇಲೆ ಗೆರೆ ಗೀರಿಕೊಂಡು ಹೋಗ್ತದೆ. ಇಷ್ಟಕ್ಕೆ ಪುಸ್ತಕ ಯಾಕೆ?”

“ಪುಸ್ತಕದಲ್ಲಿ ಅಲೆಗೀರದಲ್ಲೇ ನಾಲ್ಕು ಜಾತಿ ಉಂಟು ದೂಮಣ್ಣ.”

“ಇರ್ಲಿ. ಕಡಲಿಗೆ ಒಂದೇ ಸಾಕು.”

ಜನ ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. ನನಗೆ ಮಾತು ಕಡಿಮೆ. ಜನರ ನಡುವೆ ತಿದ್ದಿಸಿಕೊಂಡಾಗ ಇನ್ನೂ ಕಡಿಮೆಯಾಗುತ್ತಿತ್ತು. ಆ ಮನುಷ್ಯ ಸರಿ ಎಂಬುದೇ ನನ್ನ ಸಿಟ್ಟಿಗೆ ಕಾರಣವಾಗಿತ್ತು. ತಪ್ಪಾಗಿದ್ದರೆ ಕ್ಷಮಿಸಿಬಿಡುತ್ತಿದ್ದೆ.

ಹೀಗಿರುವಾಗ ಬಂದರು ಕಚೇರಿಗೆ ಪದ್ಮನಾಭಯ್ಯ ಎಂಬ ಹೊಸ ಅಧಿಕಾರಿ ಬಂದರು. ವಹಿಗಳನ್ನೆಲ್ಲ ತಿರುವಿ ಹಾಕಿ, ಒಂದು ಹಡಗಿಗೆ ಎರಡು ಕಣ್ಣು ಸಾಕು, ನಾಲ್ಕು ಬೇಡ ಎಂದರು. ಕರೆಗಾರ ಇರಬೇಕೋ, ಚಿತ್ರದವನು ಇರಬೇಕೋ ಎಂಬುದನ್ನು ತಾವೇ ಹಡಗಿನಲ್ಲಿ ಬಂದು ನೋಡಿ ತೀರ್ಮಾನಿಸುವುದಾಗಿ ತಿಳಿಸಿದರು. ನನಗೆ ಹೊರಗೆ ಎಲ್ಲಾದರೂ ಬೇರೆ ಕೆಲಸ ಸಿಗುತ್ತಿತ್ತು. ದೂಮಣ್ಣನಿಗೆ ಆ ಮರದ ಪೆಟ್ಟಿಗೆ ಬಿಟ್ಟು ಕೂರಲು ಜಗತ್ತಿನಲ್ಲಿ ಬೇರೆ ಜಾಗವಿರಲಿಲ್ಲ. ಹದಿನೇಳನೆಯ ವಯಸ್ಸಿಗೆ ಹಡಗು ಹತ್ತಿದವರು. ನೆಲದ ಮೇಲೆ ನಡೆಯುವಾಗಲೂ ಕಾಲು ಅಗಲಿಸಿ, ಅಲೆಗೆ ಒಗ್ಗಿಕೊಂಡೇ ನಡೆಯುತ್ತಿದ್ದರು.

ಅಧಿಕಾರಿ ಬರುವ ಹಿಂದಿನ ದಿನ ಸಂಜೆ ಹಡಗಿನಿಂದ ಇಳಿಯುವಾಗ ದೂಮಣ್ಣ ನನ್ನ ಭುಜ ಹಿಡಿದರು. “ನಾಳೆ ನಾನು ಎಲ್ಲಾದ್ರೂ ತಪ್ಪಿದ್ರೆ ನೀನು ಹೇಳ್ಬೇಕು ಆಯ್ತಾ? ನನ್ನ ಮರ್ಯಾದೆ ಅಂತ ಸುಮ್ಮನೆ ನಿಲ್ಬೇಡ. ಹಡಗು ನಿಲ್ಬಾರ್ದು.” ನಾನು ತಲೆಯಾಡಿಸಿದೆ.

ಪದ್ಮನಾಭಯ್ಯ ಕೋಟು ಹಾಕಿಕೊಂಡು, ಹೊಟ್ಟೆ ತೊಳೆಸದಿರಲೆಂದು ಮೂಗಿಗೆ ನಿಂಬೆಹಣ್ಣು ಹಿಡಿದುಕೊಂಡೇ ಹಡಗು ಹತ್ತಿದರು. ಹಡಗು ನಡೆಸುವ ತಾಂಡೇಲ ಲಾದ್ರು ಅವರಿಗೆ ಕುರ್ಚಿ ಹಾಕಿಸಿದ. ಅಪ್ಪಿಯಕ್ಕ ಇದ್ದಳು. ಆಚೆ ದಡದ ಮದುಮಗಳೊಬ್ಬಳ ರವಿಕೆ ಹೊಲಿದು ಒಯ್ಯುತ್ತಿದ್ದ ಟೈಲರ್ ಐತಪ್ಪ ಇದ್ದ. ಹನ್ನೊಂದೂವರೆಗೆ ಮುಹೂರ್ತ. ನಾವು ಹೊರಟದ್ದು ಎಂಟಕ್ಕೆ.

ಮೊದಲು ಎರಡು ರೀವ ಹಾಯ್ದವು. ದೂಮಣ್ಣ ಉಗುಳಿದರು, ಎರಡು ಸಲ ಕೂಗಿದರು, ಹಡಗು ಹೊರಟಿತು. ಆಮೇಲೆ ಒಂದು ಕಡಲ ಹದ್ದು. ಆಮೇಲೊಂದು ತುತ್ತುಗಳ್ಳ, ಅದೂ ಎಳೆಯದು, ಮೈಯೆಲ್ಲ ಕಲಸಿದ ಬಣ್ಣ. ನಾನಾಗಿದ್ದರೆ ಅರ್ಧ ಗಂಟೆ ತಗೊಳ್ಳುತ್ತಿದ್ದೆ. ಅವರು ನೋಡಿದ ಕೂಡಲೇ ಹೇಳಿದರು. ಪದ್ಮನಾಭಯ್ಯ ನಿಂಬೆಹಣ್ಣಿನ ಹಿಂದಿನಿಂದ “ಭೇಷ್” ಎಂದರು. ನನ್ನ ಗಂಟು ಮೂಟೆ ಕಟ್ಟುವ ಹೊತ್ತಾಯಿತು ಎಂದುಕೊಂಡೆ. ದುಃಖವೇನೂ ಆಗಲಿಲ್ಲ. ದೂಮಣ್ಣನ ಮುಖದ ಮೇಲಿದ್ದ ಸಣ್ಣ ನಗು ಮಾತ್ರ ಸಹಿಸಲಾಗಲಿಲ್ಲ.

ಕೊಲ್ಲಿಯ ನಡುವೆ, ಎಡಗಡೆಯಿಂದ, ನೀರಿಗೆ ಅಂಟಿಕೊಂಡಂತೆ ಒಂದು ಕಪ್ಪು ಹಕ್ಕಿ ಬಂತು. ರೆಕ್ಕೆ ಬಡಿಯಲಿಲ್ಲ. ಅಲೆಯ ಇಳಿಜಾರಿನಲ್ಲಿ ವಾಲಿ, ತುದಿಯಿಂದ ಗೆರೆ ಎಳೆದು, ಹಡಗಿನ ಮುಂದೆ ಹಾಯ್ದು ಹೋಯಿತು. ಕುರುಡನೂ ಹೇಳುವಂಥ ಹಕ್ಕಿ. ನಾನು ಎಂಟು ಚಿತ್ರ ಹೊಡೆದೆ. ಹಡಗು ನಿಂತಿತು. ದೂಮಣ್ಣ ಎದ್ದರು, ಉಗುಳಿದರು, ಬಾಯಿ ಒರೆಸಿಕೊಂಡರು.

“ಅಲೆಗೀರಾ!”

ಹಡಗು ಅಲುಗಲಿಲ್ಲ.

ಲಾದ್ರು ಎಂಜಿನ್ನಿನ ಸದ್ದು ಏರಿಸಿದ, ಇಳಿಸಿದ. ದೂಮಣ್ಣ ತಿರುಗಿ ನನ್ನನ್ನು ನೋಡಿದರು. ಒಮ್ಮೆ ಕೂಗಿ ನಡೆಯದ ಹೆಸರನ್ನು ಅದೇ ಹಕ್ಕಿಗೆ ಎರಡನೇ ಸಲ ಕೂಗುವುದು ಕರೆಗಾರರಲ್ಲಿ ಇಲ್ಲ. ಮುಖದ ಮೇಲೆ ಬಾಗಿಲು ಹಾಕಿಕೊಂಡವರ ಮನೆಗೆ ಮತ್ತೆ ಹೋಗಿ ಉಣ್ಣಲು ಕೂತ ಹಾಗೆ ಅದು. ಹಾಗಾಗಿ ಅವರು ಬೇರೆ ಹೆಸರು ಹುಡುಕತೊಡಗಿದರು. ತುತ್ತುಗಳ್ಳ ಎಂದರು. ನೀರಿನ ಮೇಲೆ ಕಾಲೂರಿ ನಡೆಯುವ ನೀರ್ನಡಿಗ ಎಂದರು. ಕಡಲಕಾಗೆ ಎಂದರು, ಅದು ಕಡಲಕಾಗೆಯಲ್ಲ ಎಂದು ಅವರಿಗೂ ಗೊತ್ತಿತ್ತು. ಒಂದೊಂದು ಹೆಸರಿಗೂ ಮೊದಲು ಉಗುಳಲು ಹೋಗುತ್ತಿದ್ದರು, ಬಾಯಲ್ಲಿ ಏನೂ ಉಳಿದಿರಲಿಲ್ಲ.

“ಪುಸ್ತಕ ತೆಗೀರಿ,” ಎಂದರು ಪದ್ಮನಾಭಯ್ಯ. ಪುಸ್ತಕದಲ್ಲಿದ್ದ ಅಲೆಗೀರದ ಬಳಗದ ನಾಲ್ಕೂ ಹೆಸರುಗಳನ್ನು ಅವರೇ ಗಟ್ಟಿಯಾಗಿ ಓದಿದರು. ನಮ್ಮ ಕಡಲು ಆ ಹೆಸರುಗಳನ್ನು ಜನ್ಮದಲ್ಲಿ ಕೇಳಿರಲಿಲ್ಲ. ಒಂಬತ್ತೂವರೆಯಾಯಿತು. ಹತ್ತೂವರೆಯೂ ಆಯಿತು.

“ಒಂದು ಹಕ್ಕಿಗೆ ಎರಡು ಗಂಟೆ! ಹೆಸರು ಇಲ್ಲದ ಹಕ್ಕಿ ಯಾವುದಾದ್ರೂ ಹೊಸತಾಗಿ ಹುಟ್ಟಿತಾ?” ಎಂದ ಲಾದ್ರು.

“ಅಲ್ಲಿ ಮದುಮಗಳು ಶಾಲು ಹೊದ್ದು ಕೂತಿರ್ತಾಳೆ ಮಾರಾಯ್ರೆ,” ಐತಪ್ಪ ಗಂಟನ್ನು ಎದೆಗೆ ಒತ್ತಿಕೊಂಡು ಅಳುವ ಹಾಗಿದ್ದ. “ನನ್ನ ಮರ್ಯಾದೆ ಹೋಗ್ತದೆ!”

“ನಿನ್ನದಲ್ಲ ಐತಪ್ಪ, ಅವಳದ್ದು,” ಎಂದಳು ಅಪ್ಪಿಯಕ್ಕ. ಆಮೇಲೆ ಧ್ವನಿ ತಗ್ಗಿಸಿ ನನ್ನ ಕಡೆ ತಿರುಗಿದಳು. “ನೀವಾದ್ರೂ ಎಂತಾದ್ರೂ ಹೇಳಿ ಮಾಷ್ಟ್ರೆ. ಆ ಮುದುಕನ ಮುಖ ನೋಡ್ಲಿಕ್ಕೆ ಆಗುದಿಲ್ಲ.”

ನನಗೆ ಎಲ್ಲರ ಮೇಲೂ ರೇಗಿಹೋಗಿತ್ತು. ನಿಂಬೆಹಣ್ಣಿನ ಮೇಲೆ, ರವಿಕೆಯ ಮೇಲೆ, ಮೀನಿನ ಬುಟ್ಟಿಯಿಂದ ಕರಗಿದ ಐಸಿನ ನೀರು ಕಾಲ ಕೆಳಗೆ ಹರಿದು ಚಪ್ಪಲಿ ನೆನೆಸಿದ್ದರ ಮೇಲೆ. ಎಲ್ಲಕ್ಕಿಂತ ಹೆಚ್ಚಾಗಿ ಆ ಹಕ್ಕಿಯ ಮೇಲೆ. ಅದು ಅಲೆಗೀರವೇ. ಎಂಟು ಚಿತ್ರಗಳಲ್ಲಿ ಯಾವುದನ್ನು ನೋಡಿದರೂ ಅಲೆಗೀರವೇ. ನೀಳ ರೆಕ್ಕೆ, ಕೊಕ್ಕಿನ ಕೊಂಡಿ, ಬಾಲದ ಆಕಾರ, ಒಂದರಲ್ಲೂ ಅನುಮಾನವಿರಲಿಲ್ಲ. ಜೀವನದಲ್ಲಿ ಒಮ್ಮೆ ನನಗೆ ಪೂರ್ತಿ ಖಾತ್ರಿಯಾದ ಹಕ್ಕಿ, ಅದನ್ನೇ ಕಡಲು ಒಪ್ಪುತ್ತಿರಲಿಲ್ಲ. ಆರನೆಯ ಚಿತ್ರವನ್ನು ಇಪ್ಪತ್ತನೇ ಸಲವೋ ಏನೋ ದೊಡ್ಡದು ಮಾಡಿದೆ. ಎಡ ರೆಕ್ಕೆಯ ತುದಿ ಜೋಡಿಯಾಗಿ ಕಂಡಿತು. ಕೈ ನಡುಗಿ ಹಾಗಾಗಿರಬೇಕು ಎಂದುಕೊಂಡೆ. ಕೈ ನಡುಗಿದ್ದರೆ ಬಲ ರೆಕ್ಕೆಯೂ ಜೋಡಿಯಾಗಬೇಕಿತ್ತು. ಇನ್ನಷ್ಟು ದೊಡ್ಡದು ಮಾಡಿದೆ. ಹಕ್ಕಿಯ ಹಿಂದೆ, ಅಲೆಯ ಆಚೆಯ ಇಳಿಜಾರಿನಲ್ಲಿ, ಅದೇ ವಾಲಿಕೆಯಲ್ಲಿ, ಇನ್ನೊಂದು ಹಕ್ಕಿ. ಕಾಣುತ್ತಿದ್ದದ್ದು ರೆಕ್ಕೆಯ ಎರಡು ಬೆರಳಿನಷ್ಟು ತುದಿ ಮಾತ್ರ. ಉಳಿದ ಏಳು ಚಿತ್ರಗಳಲ್ಲೂ ಒಂದರ ಮೈ ಇನ್ನೊಂದನ್ನು ಪೂರ್ತಿ ಮುಚ್ಚಿತ್ತು.

ಎರಡು ಹಕ್ಕಿ. ಕೂಗಿದ್ದು ಒಂದು ಸಲ. ಇಷ್ಟೇ.

ಆಗ ನಾನು ದೂಮಣ್ಣನ ಬಳಿ ಹೋಗಿ ಕಿವಿಯಲ್ಲಿ ಹೇಳಬಹುದಿತ್ತು. ನಾಲ್ಕು ಹೆಜ್ಜೆ ದೂರದಲ್ಲಿದ್ದರು. ಆದರೆ ಎರಡು ಗಂಟೆಯ ಕಿರಿಕಿರಿ ಅಷ್ಟು ತಾಳ್ಮೆ ಉಳಿಸಿರಲಿಲ್ಲ. ನಿಂತಲ್ಲಿಂದಲೇ, ಕಡಲಿಗೆ ಬೈಯುವ ಹಾಗೆ, ಕಿರುಚಿದೆ.

“ಅಲೆಗೀರಾ!”

ಹಡಗು ಕಟ್ಟು ಬಿಚ್ಚಿದ ಹೋರಿಯ ಹಾಗೆ ಮುಂದಕ್ಕೆ ನುಗ್ಗಿತು. ಪದ್ಮನಾಭಯ್ಯ ಕುರ್ಚಿ ಸಮೇತ ಹಿಂದಕ್ಕೆ ಜಾರಿದರು. ಜನ ಚಪ್ಪಾಳೆ ತಟ್ಟಿದರು, ಐತಪ್ಪ ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ. ಗದ್ದಲವೆಲ್ಲ ಅಡಗಿದ ಮೇಲೆ ಪದ್ಮನಾಭಯ್ಯ ಎದ್ದು ಬಂದು ದೂಮಣ್ಣನನ್ನೂ ನನ್ನನ್ನೂ ನೋಡಿದರು.

“ಇವರು ಕೂಗಿದ್ದೂ ಅದೇ ಹೆಸರಲ್ಲವಾ?”

“ಹೌದು ಸಾರ್,” ಎಂದ ಲಾದ್ರು. ಆಮೇಲೆ ತಲೆ ತಗ್ಗಿಸಿ, “ಕಂಠ ಹಳಸಿತು,” ಎಂದ.

ನಮ್ಮ ಊರಿನಲ್ಲಿ ಹಾಗೊಂದು ನಂಬಿಕೆ. ಒಂದೇ ದನಿ ಕೇಳಿ ಕೇಳಿ ಕಡಲಿಗೆ ಬೇಸರವಾಗುತ್ತದಂತೆ. ಒಂದು ದಿನ ಸರಿಯಾದ ಹೆಸರು ಕೂಗಿದರೂ ಕಡಲು ಕಿವಿಗೆ ಹಾಕಿಕೊಳ್ಳುವುದಿಲ್ಲ. ದೂಮಣ್ಣನಿಗಿಂತ ಹಿಂದಿನ ಕರೆಗಾರನಿಗೂ ಹಾಗೇ ಆಗಿತ್ತೆಂದು, ಅದಕ್ಕಿಂತ ಹಿಂದಿನವನಿಗೂ ಆಗಿತ್ತೆಂದು ಹೇಳುತ್ತಿದ್ದರು. ಅವರ ಕಾಲದಲ್ಲಿ ಕ್ಯಾಮೆರಾ ಇರಲಿಲ್ಲ. ಅವರ ಹಡಗುಗಳ ಮುಂದೆ ಎಷ್ಟು ಹಕ್ಕಿ ಹಾಯ್ದಿದ್ದವೋ ಯಾರಿಗೆ ಗೊತ್ತು?

ನಾನು ಬಾಯಿ ತೆರೆದೆ. ತೆರೆದದ್ದು ನಿಜ. ಅಷ್ಟರಲ್ಲಿ ದೂಮಣ್ಣ ಹತ್ತಿರ ಬಂದು, ನನ್ನ ಬೆನ್ನಿನ ಮೇಲೆ ಕೈಯಿಟ್ಟು, “ಒಳ್ಳೆದಾಯ್ತು,” ಎಂದರು. “ಹಡಗು ಹೊರಟಿತಲ್ಲ. ಇನ್ನು ಕಡಲು ನಿಮ್ಮ ಮಾತು ಕೇಳ್ತದೆ.” ಮೂರು ವರ್ಷದಲ್ಲಿ ಅವರು ನನಗೆ ‘ನೀವು’ ಅಂದದ್ದು ಅದೇ ಮೊದಲು. ಜನರೆಲ್ಲ ನನ್ನನ್ನು ನೋಡುತ್ತಿದ್ದರು, ಈ ಸಲ ಬೆನ್ನನ್ನಲ್ಲ. ಆಚೆ ದಡ ಸೇರಿದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಅಲ್ಲಿ ಪದ್ಮನಾಭಯ್ಯ ನನ್ನನ್ನು ಪಕ್ಕಕ್ಕೆ ಕರೆದೊಯ್ದು ಹೊಸ ಆದೇಶದ ಮಾತಾಡಿದರು. ವಾಪಸು ಬರುವಾಗ ಹೇಳೋಣವೆಂದರೆ ದೂಮಣ್ಣ ಮೂತಿಯ ಬಳಿ ಇರಲಿಲ್ಲ, ಪ್ರಯಾಣಿಕರ ನಡುವೆ ಬೆಂಚಿನ ಮೇಲೆ ಕೂತಿದ್ದರು. ಆ ಸಂಜೆ ವಹಿಗೆ ಚಿತ್ರ ಅಂಟಿಸಬೇಕಾಯಿತು. ಎಂಟು ಚಿತ್ರ ಮುಂದೆ ಹರಡಿಕೊಂಡು ಬಹಳ ಹೊತ್ತು ಕೂತೆ. ನಾಲ್ಕನೆಯದನ್ನು ಅಂಟಿಸಿದೆ. ಅದರಲ್ಲಿ ಒಂದೇ ಹಕ್ಕಿ ಕಾಣುತ್ತಿತ್ತು, ತುಂಬ ಸ್ಪಷ್ಟವಾಗಿ.

ನಾನೊಬ್ಬನೇ ಕೆಲಸ ಮಾಡತೊಡಗಿದ ಮೇಲೆ ಹಡಗು ಹೆಚ್ಚು ಹೊತ್ತು ನಿಲ್ಲತೊಡಗಿತು. ಅಪ್ಪಿಯಕ್ಕ ಬಂಗುಡೆ ಬಿಟ್ಟು ನಿಜವಾಗಿಯೂ ಒಣಮೀನಿನ ವ್ಯಾಪಾರಕ್ಕೆ ಇಳಿದಳು. ಮೂರು ತಿಂಗಳು ಕಳೆದಿರಬೇಕು, ದೂಮಣ್ಣನ ಹೆಂಡತಿ ಕಲ್ಯಾಣಿಯಕ್ಕ ಹಡಗು ನಿಲ್ಲುವ ದಕ್ಕೆಗೆ ಬಂದು ನನ್ನನ್ನು ಕರೆದರು.

“ಅವ್ರು ಮಾತೇ ಬಿಟ್ಟಿದ್ದಾರೆ ಮಾಷ್ಟ್ರೆ. ನೀರು ಬೇಕಾದ್ರೆ ಕೈ ಮಾಡ್ತಾರೆ. ಯಾಕೆ ಅಂತ ಕೇಳಿದ್ರೆ, ಕಡಲಿಗೇ ಕೇಳದ್ದು ನಿಂಗೆ ಕೇಳ್ತದಾ ಅಂದ್ರು. ಅದೇ ಕೊನೆ. ನನ್ನನ್ನು ಹೆಸರು ಹಿಡಿದು ಕರೀತಿದ್ರು, ಈಗ ಬಾಗಿಲು ತಟ್ತಾರೆ. ನೀವು ಒಮ್ಮೆ ಬಂದು ಮಾತಾಡ್ಸಿ. ನಿಮ್ಮ ಮಾತು ಅಂದ್ರೆ ಅವ್ರಿಗೆ ಆಗ್ತದೆ.”

ಹೋದೆ. ಅವರು ಜಗಲಿಯಲ್ಲಿ ಕಡಲಿಗೆ ಬೆನ್ನು ಹಾಕಿ ಕೂತಿದ್ದರು. ಕಲ್ಯಾಣಿಯಕ್ಕ ಬೆಲ್ಲ, ನೀರು ತಂದಿಟ್ಟು ಒಳಗೆ ಹೋದರು. ಬಾಗಿಲ ಹಿಂದೆಯೇ ನಿಂತಿದ್ದಾರೆಂದು ಗೊತ್ತಿತ್ತು. ಮೌನ ನನಗೆ ಯಾವಾಗಲೂ ಹಿತವಾದದ್ದು. ಅಂದು ಆಗಲಿಲ್ಲ. ಕೊನೆಗೆ ಅವರೇ, ಬಳಸದೆ ತುಕ್ಕು ಹಿಡಿದಂಥ ದನಿಯಲ್ಲಿ, ಕೇಳಿದರು.

“ಅವತ್ತು ಅದು ಅಲೆಗೀರವೇ ಅಲ್ವಾ?”

“ಅಲೆಗೀರವೇ ದೂಮಣ್ಣ.”

“ನಾನು ಸರಿಯಾಗಿಯೇ ಕೂಗಿದ್ದು.”

“ಸರಿಯಾಗಿಯೇ.”

“ಹಾಗಾದ್ರೆ ಕಂಠವೇ,” ಎಂದರು. ಒಂದು ಹೊರೆ ಇಳಿಸಿದ ಹಾಗೆ ತಲೆಯಾಡಿಸಿದರು. ನಾನು ಸುಳ್ಳೇನೂ ಹೇಳಿರಲಿಲ್ಲ. ಬೆಲ್ಲ ಕಚ್ಚಿಕೊಂಡು ನೀರು ಕುಡಿದೆ.

ನನಗೆ ಅವರ ಮೇಲೆಯೇ ಸಿಟ್ಟು ಬಂತು. ಇಪ್ಪತ್ತು ರೀವಗಳನ್ನು ಅರ್ಧ ಕಣ್ಣಿನಲ್ಲಿ ಎಣಿಸಿದ ಮನುಷ್ಯ, ಎಷ್ಟಿದ್ದವು ಎಂದು ಒಂದು ಮಾತು ಕೇಳಬಾರದೇ? ಒಂದೇ ಇತ್ತಾ ಎಂದು ಕೇಳಿದ್ದರೆ ಅಲ್ಲ ಎನ್ನುತ್ತಿದ್ದೆ. ಕೇಳಲಿಲ್ಲ. ತನ್ನ ಗಂಟಲನ್ನು ಅನುಮಾನಿಸಿದರು, ಕಡಲನ್ನು ಅನುಮಾನಿಸಿದರು, ನನ್ನನ್ನು ಒಮ್ಮೆಯೂ ಅನುಮಾನಿಸಲಿಲ್ಲ. ನಾನು ಹೊರಟಾಗ ಬಾಗಿಲವರೆಗೆ ಬಂದು ಕೈ ಮುಗಿದರು. ಕಲ್ಯಾಣಿಯಕ್ಕ ದಾರಿಯವರೆಗೂ ಬಂದು, “ಇಷ್ಟು ದಿನದ ಮೇಲೆ ನಾಲ್ಕು ಮಾತಾಡಿದ್ರಲ್ಲ, ಅಷ್ಟೇ ಸಾಕು, ಬರ್ತಾ ಇರಿ,” ಎಂದರು.

ಆಮೇಲೆ ಐದಾರು ಸಲ ಹೋದೆ. ಹಡಗಿನ ಸುದ್ದಿ ಹೇಳಿದೆ, ಹೊಸ ಲೆನ್ಸಿನ ಸುದ್ದಿ ಹೇಳಿದೆ, ಪದ್ಮನಾಭಯ್ಯನಿಗೆ ವರ್ಗವಾದದ್ದು ಹೇಳಿದೆ. ಅಂದು ಹಡಗಿನ ಮುಂದೆ ಹಾಯ್ದದ್ದು ಎರಡು ಹಕ್ಕಿ ಎಂದು ಮಾತ್ರ ಎಂದೂ ಹೇಳಲಿಲ್ಲ.